ಸುರ್ಮಾ ಕಲ್ಲಿನ ಪೊರೆ

ಗೌಹರ್ ಬೀ ಸೆರಗಿನ ಗಂಟು ಬಿಚ್ಚಿ
ಮೇಜಿನ ಮೇಲಿಟ್ಟಳು, ಬೋರ್‌ವೆಲ್ ನೀರಿನ ಬಾಟಲಿಗಳ ನಡುವೆ:
"ನೋಡಿ ಸಾರ್, ಕಣ್ಣಿಗೆ ಹಚ್ಚೋ ಕಲ್ಲು,
ಕಲ್ಲಿಗೇ ಪೊರೆ ಬಂದೈತೆ."

ಮುಳಬಾಗಿಲಿಂದ ಎರಡು ಬಸ್ಸು ಬದಲಿಸಿ ಕೆಜಿಎಫ್‌ಗೆ ಬಂದವಳು,
ದರ್ಗಾದ ಮೆಟ್ಟಿಲ ಬದಿ ಸುರ್ಮಾ ಮಾರುವವಳು.
ಗಂಡ ಇದ್ದಾಗ ದುರ್ಗದ ಕಡೆಯ ಯಾರಿಂದಲೋ ಕೊಂಡ ಗಟ್ಟಿ,
ಅರ್ಧ ಅರೆದು ಮಾರಿಯಾಗಿದೆ.
ಮೊನ್ನೆ ಒಡೆದರೆ ಒಳಗೊಂದು ಪೊಟರೆ, ಪೊಟರೆ ತುಂಬ ಬಿಳುಪು.
ಹಳಸಿತೋ, ಹುಳ ಮೊಟ್ಟೆಯಿಟ್ಟಿತೋ?

ಲೆನ್ಸು ಹಿಡಿದೆ.
ಸೀಸದ ಬಣ್ಣದ ಗರಿಗರಿ ಅಂಜನದ ಅದಿರು,
ಅದರ ಕುಳಿಯಲ್ಲಿ ಎಳ್ಳಿನಷ್ಟೆಳ್ಳಿನಷ್ಟು ಹರಳು;
ಬುಡಕ್ಕೆ ಬುಡ ಅಂಟಿಸಿದ ಎರಡು ಗೋಪುರದ ಹಾಗೆ
ಎಂಟೆಂಟು ಮುಖ. ರಾಳದ ಮಿನುಗು.
ಅಂಗೈಯಲ್ಲಿಟ್ಟರೆ ಗಾತ್ರ ಹೇಳುವ ಸುಳ್ಳನ್ನು ತೂಕ ಒಪ್ಪುವುದಿಲ್ಲ:
ನೀರಿಗೆ ಐದೂವರೆ ಪಟ್ಟು.
ಉಗುರಿಗೆ ಗೀರು ಬಿತ್ತು, ಬೀಳಲೋ ಬೇಡವೋ ಎಂಬಂತೆ.

ಮೂವತ್ತೊಂದು ವರ್ಷ ಗಣಿಯ ಅಸ್ಸೇ ಆಫೀಸಿನಲ್ಲಿ
ಚಿನ್ನ ತೂಗಿದವನು ನಾನು.
ಚಿನ್ನಕ್ಕೆ ಗಾಳಿಯ ಹಂಗಿಲ್ಲ.
ಎರಡು ಮೈಲಿ ಆಳದಲ್ಲಿ ಹೇಗಿತ್ತೋ ಮೇಲೂ ಹಾಗೆಯೇ,
ಕೆಳಗಿಳಿದ ನಾವು ಮಾತ್ರ ಕೆಮ್ಮುತ್ತ ಬಂದೆವು.
ಇದು ಬೇರೆ ಜಾತಿ.
ಬಿಸಿನೀರು ಬಂಡೆಯ ಬಿರುಕಲ್ಲಿ ಬಿಟ್ಟುಹೋದ ಅಂಜನ
ಮೇಲ್ಮಣ್ಣಿನ ಹತ್ತಿರಕ್ಕೆ ಬಂದು, ಮಳೆನೀರು ತಾಕಿ, ಉಸಿರು ತಾಕಿ,
ಗಂಧಕ ಕ್ವಾರ್ಟರ್ಸ್ ಖಾಲಿ ಮಾಡಿ ಹೊರಟಾಗ
ಆಮ್ಲಜನಕ ತನ್ನ ಹಾಸಿಗೆ ಬಿಚ್ಚಿದ ಜಾಗ.

ಹೆಸರು ಸೆನಾರ್ಮಾಂಟೈಟ್. ಯಾರೋ ಫ್ರೆಂಚ್ ಪಂಡಿತನದು.
ಗೌಹರ್ ಬೀ ಎರಡು ಸಲ ಹೇಳಿನೋಡಿ ಬಿಟ್ಟಳು.
ಇದಕ್ಕೊಬ್ಬ ಒಡಹುಟ್ಟಿದವನಿದ್ದಾನೆ, ಅದೇ ಆಂಟಿಮನಿ, ಅದೇ ಆಮ್ಲಜನಕ,
ಲೆಕ್ಕವೂ ಅದೇ, ಎರಡಕ್ಕೆ ಮೂರು.
ಅವನು ಮಾತ್ರ ಸೂಜಿಯಾಗಿ, ಬೀಸಣಿಗೆಯಾಗಿ ಬೆಳೆಯುತ್ತಾನೆ.
ಒಂದೇ ಹಿಟ್ಟು; ಒಂದು ಒಲೆಯಲ್ಲಿ ಕಡುಬು, ಇನ್ನೊಂದರಲ್ಲಿ ಶಾವಿಗೆ.

ಖಾತ್ರಿ ಬೇಕಲ್ಲ. ಎರಡು ಹರಳು ಆಮ್ಲಕ್ಕೆ ಹಾಕಿದೆ,
ಕರಗಿ ತಿಳಿಯಾಯಿತು. ನೀರು ಬೆರೆಸಿದೊಡನೆ
ಇಡೀ ನಳಿಕೆ ಹಾಲು.
ಇನ್ನೊಂದನ್ನು ಗಾಜಿನ ಕೊಳವೆಯಲ್ಲಿಟ್ಟು ಜ್ವಾಲೆ ತೋರಿಸಿದೆ,
ಬೆಣ್ಣೆಯ ಹಾಗೆ ಸೋತು, ಹೊಗೆಯಾಗಿ ಎದ್ದು, ತಣ್ಣನೆಯ ಗೋಡೆಗೆ
ಸಣ್ಣಗೆ ಇಬ್ಬನಿ ಹಿಡಿಯಿತು.
ಉತ್ತರ ಸಿಕ್ಕಿತು. ಮೂರು ಹರಳು ಹೋದವು.
"ಅಯ್ಯೋ," ಎಂದಳು ಅವಳು. ನನಗೂ ಹಾಗೇ ಅನ್ನಿಸಿತು.

ಉಳಿದ ಒಂದನ್ನು
ಸವರಿಯಪ್ಪ ಕಲಿಸಿದ ಹಾಗೆ ಅರೆದೆ, ಗಾಜಿಗಂಟಿಸಿ,
ಅಕ್ಷರ ಕಾಣುವಷ್ಟು ತೆಳ್ಳಗೆ.
ಅಡ್ಡ ಹಿಡಿದ ಎರಡು ಬೆಳಕಿನ ಜಾಲರಿ ನಡುವೆ
ಈ ಜಾತಿಯ ಹರಳು ಪೂರಾ ಕಪ್ಪಾಗಬೇಕು, ಅದು ನಿಯಮ.
ಆಗಲಿಲ್ಲ.
ಬೂದಿ ಬಣ್ಣದ ಬೆಳಕೊಂದು ತೇಪೆ ತೇಪೆಯಾಗಿ ಉಳಿದುಕೊಂಡಿತು.
ಒಳಗೆಲ್ಲೋ ಎಳೆತ, ಬೆಳೆಯುವಾಗ ಆದ ಸಣ್ಣ ಇಕ್ಕಟ್ಟು;
ಈ ಕಲ್ಲು ಹಾಗೆ ಮಾಡುತ್ತದೆಂದು ಸವರಿಯಪ್ಪ ಹೇಳಿದ್ದ,
ನಾನು ನಂಬಿರಲಿಲ್ಲ.

"ಇದನ್ನ ಕಣ್ಣಿಗೆ ಹಾಕಬೇಡಮ್ಮ. ಕರಿದನ್ನೂ ಬೇಡ,
ವಿಷ ಇರುತ್ತೆ."
"ಮೂರು ತಲೆಮಾರು ಮಾರಿದೀವಿ ಸಾರ್."
ಆಮೇಲೆ ಮೆಲ್ಲಗೆ:
"ಕೋಲಾರದ ಕ್ಯಾಂಪಲ್ಲಿ ನನ್ನ ಪೊರೆ ತೆಗೆದ್ರು.
ಕೇಳ್ದೆ, ತೋರಿಸ್ಲೇ ಇಲ್ಲ.
ಇದನ್ನಾದ್ರೂ ನೋಡ್ಲಾ?"

ಸ್ಟೂಲು ಎಳೆದುಕೊಟ್ಟೆ.
ಹೊಸ ಕಣ್ಣು ಒತ್ತಿ ಬಹಳ ಹೊತ್ತು ಕೂತಳು,
ಮಾರಿಕುಪ್ಪಂ ರೈಲು ಕೂಗಿ ಹೋಗುವವರೆಗೂ.
ಏನು ಕಂಡಳೋ ಹೇಳಲಿಲ್ಲ.
ಗಟ್ಟಿಯನ್ನು ಮತ್ತೆ ಗಂಟು ಕಟ್ಟಿಕೊಂಡಳು, ಮಾರಲು ಹೌದೋ ಅಲ್ಲವೋ ಗೊತ್ತಿಲ್ಲ.

ಸೈನೈಡ್ ದಿಬ್ಬದ ಧೂಳು ಕಿಟಕಿಯಿಂದ ಬಂದು
ರಿಜಿಸ್ಟರಿನ ಪುಟದ ಮೇಲೆ ಕೂತಿತ್ತು. ಒರೆಸಿ ಬರೆದೆ.
ಸ್ಯಾಂಪಲ್ ೨೧೪. ಶುಲ್ಕ ಇಲ್ಲ.
ಷರಾ: ಹಳಸಿದ್ದಲ್ಲ.